ಹೋಟೆಲಿನ ಹಿಂಬಾಗಿಲು: ಆತಿಥ್ಯೋದ್ಯಮದ ಸಾಮಾಜಿಕ ಹೊಣೆ ಮತ್ತು ಗಂಡಾಂತರ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯಕ್ಕೂ ಸಂಗೀತಕ್ಕೂ ಸಲ್ಲಬೇಕಾದ ಸಮಯದಲ್ಲಿ ಒಂದು ಗಂಟೆಯನ್ನು ಹೋಟೆಲ್ ವ್ಯವಹಾರಕ್ಕೆ ಬಿಟ್ಟುಕೊಟ್ಟಿದ್ದೀರಿ. ಅದಕ್ಕಾಗಿ ನಾನು ಕೃತಜ್ಞ. ವಿಷಯ ಶುಷ್ಕವೆಂದು ತೋರಬಹುದು. ಆದರೆ ಕನ್ನಡಿಗರಿಗೆ ಹೋಟೆಲು ಪರಕೀಯವಲ್ಲ. ಕರಾವಳಿಯಿಂದ ಹೊರಟ ಉಡುಪಿ ಹೋಟೆಲು ಮದರಾಸು, ಮುಂಬಯಿಗಳನ್ನು ಹಾದು ಸಾಗರದ ಈಚೆಗೂ ಬಂದಿದೆ. ಇಲ್ಲಿ ಕುಳಿತವರಲ್ಲಿ ಕೆಲವರು ಉಪಾಹಾರಗೃಹ ನಡೆಸುತ್ತಿದ್ದೀರಿ. ಕೆಲವರ ಮಕ್ಕಳು ಹೋಟೆಲ್ ಆಡಳಿತದ ಶಾಸ್ತ್ರವನ್ನು ಓದುತ್ತಿದ್ದಾರೆ. ಉಳಿದವರೆಲ್ಲ ಸಮ್ಮೇಳನ, ಮದುವೆ, ಮಕ್ಕಳ ಪದವಿ ಪ್ರದಾನ ಎಂದು ವರ್ಷದಲ್ಲಿ ಹಲವು ರಾತ್ರಿಗಳನ್ನು ಹೋಟೆಲಿನ ಸೂರಿನಡಿ ಕಳೆಯುವವರೇ. ಹೆಂಡತಿ ಮಕ್ಕಳೊಡನೆ, ವೃದ್ಧ ತಂದೆ ತಾಯಿಯರೊಡನೆ, ಯಾರೆಂದು ತಿಳಿಯದವರು ಕಟ್ಟಿದ, ಯಾರೆಂದು ತಿಳಿಯದವರು ಕಾಯುವ ಕಟ್ಟಡದಲ್ಲಿ ನಾವು ನಿಶ್ಚಿಂತೆಯಿಂದ ನಿದ್ರಿಸುತ್ತೇವೆ. ಆ ನಿಶ್ಚಿಂತೆಗೆ ಆಧಾರವೇನು ಎಂಬುದೇ ನನ್ನ ಇಂದಿನ ಪ್ರಶ್ನೆ.

ದೊಡ್ಡ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ‘ಸಾಮಾಜಿಕ ಹೊಣೆಗಾರಿಕೆ’ ಎಂಬ ಶೀರ್ಷಿಕೆಯ ಕೆಳಗೆ ಸಾಮಾನ್ಯವಾಗಿ ಕಾಣುವುದು ಚಿತ್ರಗಳು: ಸಸಿ ನೆಡುತ್ತಿರುವ ವ್ಯವಸ್ಥಾಪಕರು, ಶಾಲೆಯ ಮಕ್ಕಳಿಗೆ ಪುಸ್ತಕ ಹಂಚುತ್ತಿರುವ ನಿರ್ದೇಶಕರು. ಭಾರತದಲ್ಲಿ ಇದಕ್ಕೆ ಕಾನೂನಿನ ಬಲವೂ ದೊರೆತಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ನಿರ್ದಿಷ್ಟ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂಬುದು ಅದರ ವಿಧಿ. ಇದರ ನಿಯಮಗಳಲ್ಲಿ ಒಂದು ಸ್ವಾರಸ್ಯವಿದೆ. ಕಂಪನಿಯು ತನ್ನ ನಿತ್ಯ ವ್ಯವಹಾರದ ಅಂಗವಾಗಿ ಮಾಡುವ ಕೆಲಸವಾಗಲಿ, ತನ್ನ ನೌಕರರಿಗೆ ಮಾತ್ರ ಅನುಕೂಲವಾಗುವ ಕೆಲಸವಾಗಲಿ ಈ ಲೆಕ್ಕಕ್ಕೆ ಸಲ್ಲದು. ಹೋಟೆಲೊಂದು ದೂರದ ಹಳ್ಳಿಯಲ್ಲಿ ನೆಟ್ಟ ಸಸಿ ಲೆಕ್ಕಕ್ಕೆ ಬರುತ್ತದೆ; ತನ್ನ ಅಡುಗೆಮನೆಯ ಹಿಂದಿನ ಮೆಟ್ಟಿಲ ಬಾಗಿಲಿಗೆ ಜಡಿದಿದ್ದ ಬೀಗವನ್ನು ತೆಗೆದದ್ದು ಬರುವುದಿಲ್ಲ.

ಕಾನೂನಿನ ದೃಷ್ಟಿಯಿಂದ ಇದು ಸರಿಯೇ. ಕರ್ತವ್ಯವನ್ನು ದಾನವೆಂದು ಬರೆದುಕೊಳ್ಳಲು ಅವಕಾಶ ಕೊಡಬಾರದು. ಆದರೆ ಹೋಟೆಲನ್ನು ಗಂಡಾಂತರದಿಂದ ಕಾಯುವ ಹೊಣೆಗಾರಿಕೆ ಆ ನೂರಕ್ಕೆ 2ರಲ್ಲಿ ಇಲ್ಲ, ಉಳಿದ 98ರಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ವ್ಯವಹಾರದಿಂದ ಯಾರಿಗೆ ಕೇಡಾಗಬಹುದು ಎಂದು ಮೊದಲು ಕೇಳಿಕೊಂಡು, ಅವರ ಕಡೆಗೆ ಮೊದಲು ಗಮನ ಕೊಟ್ಟ ಹೋಟೆಲೇ ಹೊಣೆಯರಿತ ಹೋಟೆಲು. ಅಂಥವರು ಬಹುಮಟ್ಟಿಗೆ ಹಿಂಬಾಗಿಲಿನ ಕಡೆ ಇರುತ್ತಾರೆ. ಗಂಡಾಂತರವೂ ಆ ಬಾಗಿಲಿನಿಂದಲೇ ಒಳಬರುತ್ತದೆ.

ನಾವು ನೆಲೆಸಿರುವ ಈ ದೇಶದ ಒಂದು ದೃಷ್ಟಾಂತದಿಂದ ಪ್ರಾರಂಭಿಸೋಣ. ಲಾಸ್ ವೇಗಸ್ ನಗರದ ಎಂಜಿಎಂ ಗ್ರ್ಯಾಂಡ್ ಹೋಟೆಲು 1973ರಲ್ಲಿ ತೆರೆಯಿತು. ಬೆಂಕಿ ಕಂಡೊಡನೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳನ್ನು ಕಟ್ಟಡದ ಕೆಲವು ಭಾಗಗಳಲ್ಲಿ ಮಾತ್ರ ಅಳವಡಿಸಲಾಗಿತ್ತು. ಜೂಜಿನ ಅಂಗಳಕ್ಕೂ ಅದರ ಪಕ್ಕದ ಉಪಾಹಾರಗೃಹಕ್ಕೂ ಅವು ಇರಲಿಲ್ಲ. ಅಲ್ಲಿ ಹಗಲಿರುಳೂ ಜನರಿರುತ್ತಾರೆ, ಬೆಂಕಿ ಬಿದ್ದರೆ ಯಾರಾದರೂ ನೋಡಿಯೇ ನೋಡುತ್ತಾರೆ ಎಂಬುದು ವಿನಾಯಿತಿಯ ಆಧಾರ. ಮುಂದೆ ಆ ಉಪಾಹಾರಗೃಹ ರಾತ್ರಿ ಮುಚ್ಚತೊಡಗಿತು. ವಿನಾಯಿತಿ ಮಾತ್ರ ಹಾಗೆಯೇ ಉಳಿಯಿತು. 1980ರ ನವೆಂಬರ್ 21ರ ಮುಂಜಾನೆ, ಯಾರೂ ಇಲ್ಲದ ಅದೇ ಉಪಾಹಾರಗೃಹದ ಗೋಡೆಯೊಳಗಿನ ವಿದ್ಯುತ್ ತಂತಿಯ ದೋಷದಿಂದ ಬೆಂಕಿ ಹುಟ್ಟಿತು. ಮಡಿದವರು 85 ಮಂದಿ. ಅವರಲ್ಲಿ ಹೆಚ್ಚಿನವರು ಜ್ವಾಲೆಯನ್ನು ಕಣ್ಣಿನಿಂದ ಕಂಡವರೇ ಅಲ್ಲ. ಮೇಲಿನ ಮಹಡಿಗಳಿಗೆ ಏರಿದ ಹೊಗೆಗೆ ಬಲಿಯಾದವರು.

ಆ ಭಾಗಗಳಿಗೆ ಸ್ಪ್ರಿಂಕ್ಲರ್ ಹಾಕಿಸಲು ತಗಲುತ್ತಿದ್ದ ವೆಚ್ಚ ಸುಮಾರು 1 ಲಕ್ಷ 92 ಸಾವಿರ ಡಾಲರು. ಮೊಕದ್ದಮೆಗಳ ಇತ್ಯರ್ಥಕ್ಕೆ ಸಂದದ್ದು 22 ಕೋಟಿ 30 ಲಕ್ಷ ಡಾಲರು. ಇನ್ನೂ ಒಂದು ವಿಚಿತ್ರವಿದೆ. ಅವಘಡದ ದಿನ ಹೋಟೆಲಿಗೆ ಇದ್ದ ಹೊಣೆ ವಿಮೆ 3 ಕೋಟಿ ಡಾಲರಿನದು. ಬೆಂಕಿ ಆರಿದ ಬಳಿಕ, ಹಿಂದಿನ ತಾರೀಖಿನಿಂದ ಅನ್ವಯವಾಗುವಂತೆ, ಇನ್ನೂ 17 ಕೋಟಿ ಡಾಲರಿನ ವಿಮೆಯನ್ನು ಕಂಪನಿ ಖರೀದಿಸಿತು! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆಯನ್ನು ನಾವು ಕೇಳಿದ್ದೇವೆ. ಕೊಳ್ಳೆ ಹೋದ ಮೇಲೆ ಕೋಟೆಗೆ ವಿಮೆ ಮಾಡಿಸಿದವರನ್ನು ಇಲ್ಲಿಯೇ ಕಂಡದ್ದು. ಪರಿಹಾರ ಹಂಚುವ ವೇಳೆಗೆ ವಿಮಾ ಸಂಸ್ಥೆಗಳೂ ಹೋಟೆಲೂ ತಕರಾರು ಬೆಳೆಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು.

ಆದರೂ ಇದು ಕೇವಲ ತಂತಿ ಕೊಳವೆಗಳ ಕಥೆಯಾಯಿತು. ಮನುಷ್ಯರ ಕಥೆ ಇದಕ್ಕಿಂತ ಕಠಿಣ. 1986ರ ಡಿಸೆಂಬರ್ 31ರಂದು ಪೋರ್ಟೊ ರಿಕೊದ ಸಾನ್ ಹುವಾನಿನಲ್ಲಿ ಡೂಪಾಂಟ್ ಪ್ಲಾಜಾ ಹೋಟೆಲಿಗೆ ಬೆಂಕಿ ಬಿದ್ದು 97 ಮಂದಿ ಸತ್ತರು. ಬೆಂಕಿ ಇಟ್ಟವರು ಹೋಟೆಲಿನ ನೌಕರರೇ. ಕಾರ್ಮಿಕ ಸಂಘಕ್ಕೂ ಆಡಳಿತಕ್ಕೂ ನಡುವಿನ ಒಪ್ಪಂದದ ಅವಧಿ ಆ ರಾತ್ರಿ ಮುಗಿಯಲಿತ್ತು, ಮಾತುಕತೆ ಮುರಿದಿತ್ತು. ಮೂವರು ನೌಕರರು ಭೋಜನ ಸಭಾಂಗಣದಲ್ಲಿ ಜೋಡಿಸಿಟ್ಟಿದ್ದ ಹೊಸ ಪೀಠೋಪಕರಣಗಳಿಗೆ ಕಡ್ಡಿ ಗೀರಿದರು. ಹೆದರಿಸುವುದಷ್ಟೇ ಉದ್ದೇಶವಾಗಿತ್ತೆಂದು ಹೇಳಲಾಗಿದೆ. ಈ ಪಾತಕಕ್ಕೆ ಕ್ಷಮೆಯಿಲ್ಲ, ಶಿಕ್ಷೆಯೂ ಆಯಿತು. ಆದರೆ ಗಂಡಾಂತರವನ್ನು ಅಳೆಯುವವನು ಅಪರಾಧಿಯ ಹೆಸರು ತಿಳಿದ ಮಾತ್ರಕ್ಕೆ ಪುಸ್ತಕ ಮುಚ್ಚುವಂತಿಲ್ಲ. ಹಿಂದಿನ ದಿನಗಳಲ್ಲಿಯೇ ಹೋಟೆಲಿನಲ್ಲಿ ಸಣ್ಣ ಪುಟ್ಟ ಬೆಂಕಿಗಳು ಕಾಣಿಸಿಕೊಂಡಿದ್ದವು. ಸ್ಪ್ರಿಂಕ್ಲರ್ ಇರಲಿಲ್ಲ. ಕಾರ್ಮಿಕರೊಡನೆ ಮನಸ್ತಾಪ ಕುದಿಯುತ್ತಿರುವಾಗ, ಕೋಣೆಗಳು ಹೊಸ ವರ್ಷದ ಅತಿಥಿಗಳಿಂದ ತುಂಬಿದ್ದಾಗ, ಆಡಳಿತದ ಕಣ್ಣು ಎಲ್ಲಿತ್ತು ಎಂದು ಕೇಳಲೇಬೇಕಾಗುತ್ತದೆ. ನೌಕರರೊಡನೆ ಹೊಂದಿಕೊಂಡು ಬಾಳುವುದನ್ನು ಸಿಬ್ಬಂದಿ ವಿಭಾಗದ ಕೆಲಸವೆಂದೂ ಬೆಂಕಿಯನ್ನು ಎಂಜಿನಿಯರನ ಕೆಲಸವೆಂದೂ ಬೇರೆ ಬೇರೆ ಕಡತಗಳಲ್ಲಿ ಇಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ನನಗೆ ತಿಳಿದಿಲ್ಲ.

ಇಂಥ ದುರಂತಗಳ ಫಲವಾಗಿ 1990ರಲ್ಲಿ ಅಮೆರಿಕದ ಸಂಸತ್ತು ಹೋಟೆಲ್ ಮೋಟೆಲ್ ಅಗ್ನಿ ಸುರಕ್ಷತಾ ಕಾಯಿದೆಯನ್ನು ಅಂಗೀಕರಿಸಿತು. ಇದರ ಜಾಣ್ಮೆಯನ್ನು ಗಮನಿಸಬೇಕು. ಕೋಣೆಗಳಲ್ಲಿ ಹೊಗೆ ಪತ್ತೆ ಮಾಡುವ ಸಾಧನ, 3 ಅಂತಸ್ತು ಮೀರಿದ ಕಟ್ಟಡಗಳಲ್ಲಿ ಸ್ಪ್ರಿಂಕ್ಲರ್ ಇರುವ ಹೋಟೆಲುಗಳ ಪಟ್ಟಿಯೊಂದನ್ನು ಸರ್ಕಾರ ಮಾಡಿತು. ಪ್ರವಾಸ ಹೋಗುವ ಸರ್ಕಾರಿ ನೌಕರರನ್ನು ಆ ಪಟ್ಟಿಯ ಹೋಟೆಲುಗಳ ಕಡೆಗೆ ತಿರುಗಿಸಿತು. ಬೋಧನೆಗೆ ಬಗ್ಗದ ಮಾಲೀಕರು ಗಿರಾಕಿಗೆ ಬಗ್ಗಿದರು.

ಕಣ್ಣಿಗೆ ಕಾಣದ ಗಂಡಾಂತರವೂ ಉಂಟು. 1976ರ ಜುಲೈನಲ್ಲಿ ಫಿಲಡೆಲ್ಫಿಯದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಎಂಬ ಪ್ರತಿಷ್ಠಿತ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. 221 ಮಂದಿ ವಿಚಿತ್ರ ನ್ಯುಮೋನಿಯಕ್ಕೆ ತುತ್ತಾಗಿ 34 ಮಂದಿ ಸತ್ತರು. ಹವಾನಿಯಂತ್ರಣದ ನೀರಿನಲ್ಲಿ ಬೆಳೆದು ಗಾಳಿಯೊಡನೆ ಹರಡಿದ ಬ್ಯಾಕ್ಟೀರಿಯ ಇದಕ್ಕೆ ಕಾರಣವೆಂದು ತಿಳಿಯುವ ವೇಳೆಗೆ 1977 ಬಂದಿತ್ತು. 1904ರಿಂದ ನಡೆದುಬಂದಿದ್ದ ಹೋಟೆಲು ಅದಕ್ಕೆ ಮೊದಲೇ, ನವೆಂಬರಿನಲ್ಲಿ, ಅತಿಥಿಗಳಿಲ್ಲದೆ ಬಾಗಿಲು ಮುಚ್ಚಿತು. ತಪ್ಪು ಯಾರದೆಂದು ಸಿದ್ಧವಾಗುವವರೆಗೆ ಜನರ ಭೀತಿ ಕಾಯುವುದಿಲ್ಲ.

ಈಗ ನಮ್ಮವರ ಕಡೆಗೆ ಬರುತ್ತೇನೆ. ಅಮೆರಿಕದ ಹೋಟೆಲುಗಳಲ್ಲಿ ಸುಮಾರು ನೂರಕ್ಕೆ 60 ಭಾಗ ತನ್ನ ಸದಸ್ಯರ ಒಡೆತನದಲ್ಲಿದೆ ಎಂದು ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ ಹೇಳಿಕೊಳ್ಳುತ್ತದೆ. ಅವರಲ್ಲಿ ಬಹುಪಾಲು ಗುಜರಾತಿ ಬಂಧುಗಳು. 1989ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ ಆ ಸಂಘದ ಬೇರುಗಳಲ್ಲಿ ಒಂದು ವಿಮೆಗೆ ಸಂಬಂಧಿಸಿದ್ದು ಎಂಬುದು ಅನೇಕರಿಗೆ ತಿಳಿಯದು. ಭಾರತೀಯ ಮಾಲೀಕರು ವಿಮೆಯ ಹಣಕ್ಕಾಗಿ ತಮ್ಮ ಮೋಟೆಲುಗಳಿಗೆ ತಾವೇ ಬೆಂಕಿ ಇಡುತ್ತಾರೆಂಬ ಗಾಳಿಮಾತು ಒಂದು ಕಾಲದಲ್ಲಿ ಹಬ್ಬಿತ್ತು. ವಿಮಾ ಕಂಪನಿಗಳು ಅವರನ್ನು ದೂರವಿಟ್ಟವು. ಟೆನೆಸಿಯ ಮಾಲೀಕರು ಮಿಡ್‌ಸೌತ್ ಇಂಡೆಮ್ನಿಟಿ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿಕೊಂಡು ಒಗ್ಗಟ್ಟಿನಿಂದ ವಿಮೆ ದೊರಕಿಸಬೇಕಾಯಿತು. ಎದುರಿನ ರಸ್ತೆಯಲ್ಲಿ ‘ಅಮೆರಿಕನ್ ಒಡೆತನದ್ದು’ ಎಂಬ ಫಲಕ ತೂಗುತ್ತಿದ್ದ ದಿನಗಳು ಅವು. ಒಂದು ಸಮುದಾಯಕ್ಕೆ ಅಂಟಿದ ಅಪವಾದವೂ ಗಂಡಾಂತರದ ಪಟ್ಟಿಗೆ ಸೇರುತ್ತದೆ, ಅದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ವಲಸೆ ಬಂದ ನಾವು ಅನುಭವದಿಂದ ಬಲ್ಲೆವು.

ಆ ಅನುಭವ ಉಳ್ಳವರಿಗೆ ಇಂದು ಬೇರೊಂದು ಪರೀಕ್ಷೆ ಎದುರಾಗಿದೆ. ರಸ್ತೆ ಬದಿಯ ಮೋಟೆಲುಗಳಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಬಂಧಿಸಿಟ್ಟು ದೇಹವ್ಯಾಪಾರಕ್ಕೆ ದೂಡುವ ಪಾತಕವನ್ನು ತಡೆಯಲು ಅಮೆರಿಕ 2000ದಲ್ಲಿ ಮಾನವ ಸಾಗಣೆ ವಿರೋಧಿ ಕಾಯಿದೆಯನ್ನು ಮಾಡಿತು. 2003ರಲ್ಲಿ ನೊಂದವರಿಗೆ ಪರಿಹಾರ ಕೇಳುವ ಹಕ್ಕು ದೊರೆಯಿತು. 2008ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಈ ಪಾತಕದಿಂದ ಲಾಭ ಪಡೆದವನು ಅದನ್ನು ತಿಳಿದಿದ್ದರೆ ಮಾತ್ರವಲ್ಲ, ತಿಳಿದಿರಬೇಕಾಗಿತ್ತು ಎಂದಾದರೂ ಹೊಣೆಗಾರನೆಂದಿತು. 2025ರ ಜುಲೈನಲ್ಲಿ ಜಾರ್ಜಿಯ ರಾಜ್ಯದಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿಯೊಂದು ಹೋಟೆಲೊಂದರ ಮಾಲೀಕ ಸಂಸ್ಥೆಯ ವಿರುದ್ಧ 4 ಕೋಟಿ ಡಾಲರಿನ ತೀರ್ಪು ಕೊಟ್ಟಿತು. ದಿನಕ್ಕೆ ದಿನಕ್ಕೆ ನಗದು ಕೊಟ್ಟು ಕೋಣೆ ಹಿಡಿಯುವವನು, ಮಾತಾಡಲು ಬಿಡದೆ ಜೊತೆಯಲ್ಲಿ ಕರೆತಂದ ಹುಡುಗಿ, ರಾತ್ರಿಯಿಡೀ ಬಂದು ಹೋಗುವ ಗಂಡಸರು: ಇವನ್ನು ಮೊದಲು ಕಾಣುವವರು ಕೋಣೆ ಗುಡಿಸುವ ಹೆಂಗಸು ಮತ್ತು ರಾತ್ರಿ ಪಾಳಿಯ ಗುಮಾಸ್ತ. ಅವರು ಕಂಡದ್ದನ್ನು ಯಾರಿಗೆ ಹೇಳಬೇಕು? ಹೇಳಿದರೆ ಕೆಲಸ ಉಳಿಯುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಹೋಟೆಲು, ಎಷ್ಟೇ ದಾನ ಮಾಡಿದರೂ, ತೆರೆದ ಬಾವಿಯ ಅಂಚಿನಲ್ಲಿ ನಿಂತಿದೆ. ಮಾಲೀಕರ ಸಂಘಗಳು ಈಗ ನೌಕರರಿಗೆ ತರಬೇತಿ ಕೊಡುತ್ತಿವೆ. ಕ್ಯಾಲಿಫೋರ್ನಿಯದಂಥ ರಾಜ್ಯಗಳು ಅದನ್ನು ಕಡ್ಡಾಯವನ್ನೇ ಮಾಡಿವೆ. ಒಂಟಿಯಾಗಿ ಕೋಣೆ ಶುಚಿ ಮಾಡುವ ಹೆಂಗಸರ ಕೈಗೆ ಅಪಾಯದ ಗುಂಡಿಯನ್ನು ಕೊಡಬೇಕೆಂದು 2016ರಲ್ಲಿ ಸಿಯಾಟಲ್ ನಗರದ ಮತದಾರರು ತೀರ್ಮಾನಿಸಿದ್ದೂ ಇದೇ ಹಾದಿಯಲ್ಲಿ ಒಂದು ಹೆಜ್ಜೆ.

ಮುಂಬಾಗಿಲಿನ ಒಂದು ಮಾತನ್ನೂ ಹೇಳಿಬಿಡುತ್ತೇನೆ. 1964ರ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲು, ಉಪಾಹಾರಗೃಹಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಆದರೂ 30 ವರ್ಷಗಳ ಬಳಿಕ, 1994ರಲ್ಲಿ, ಕರಿಯ ಗ್ರಾಹಕರನ್ನು ಕಾಯಿಸಿದ, ಹೀನಾಯವಾಗಿ ಕಂಡ ಆರೋಪಕ್ಕಾಗಿ ಡೆನ್ನೀಸ್ ಉಪಾಹಾರಗೃಹಗಳು 5 ಕೋಟಿ 40 ಲಕ್ಷ ಡಾಲರಿಗೂ ಮಿಗಿಲಾದ ಮೊತ್ತಕ್ಕೆ ರಾಜಿ ಮಾಡಿಕೊಳ್ಳಬೇಕಾಯಿತು. ಆ ಸಂಸ್ಥೆ ತನ್ನ ನಡತೆಯನ್ನು ಬುಡದಿಂದ ತಿದ್ದಿಕೊಂಡಿತು. 2000ದಲ್ಲಿ ಅಲ್ಪಸಂಖ್ಯಾತರಿಗೆ ಅತ್ಯುತ್ತಮವಾದ ಕಂಪನಿಗಳ ಫಾರ್ಚ್ಯೂನ್ ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಇದನ್ನು ಕೇಳಿ ನಾವು ಬೀಗಬೇಕಾಗಿಲ್ಲ. ನಮ್ಮ ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇದ್ದ ಕಾಲ ಬಹಳ ಹಿಂದಿನದಲ್ಲ. ಸಂವಿಧಾನದ 15ನೆಯ ವಿಧಿಯಲ್ಲಿ ಹೋಟೆಲು, ಉಪಾಹಾರಗೃಹಗಳ ಹೆಸರೆತ್ತಿ ಪ್ರವೇಶದ ಹಕ್ಕನ್ನು ಬರೆಯಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ನಮ್ಮ ಪರಂಪರೆಯಲ್ಲಿ ಹೆಮ್ಮೆಪಡಬೇಕಾದದ್ದೂ ಇದೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಪ್ರಾರಂಭವಾಯಿತು. ಅದರ ಯಜ್ಞನಾರಾಯಣ ಮಯ್ಯನವರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡರು. ಮರಳಿ ಬಂದು ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಪದ್ಧತಿಯನ್ನು ಜಾರಿಗೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿ ಊಟಕ್ಕೆ ಕೂರಬಹುದಾಗಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಇಳಿಸಿದಾಗ, ಪದಾರ್ಥದ ಗುಣವನ್ನು ಕೆಡಿಸುವುದಕ್ಕಿಂತ ಹೋಟೆಲನ್ನೇ ಮುಚ್ಚುವುದು ಲೇಸೆಂದು ಆ ಮನೆತನ ನಿರ್ಧರಿಸಿತು. ಅಡುಗೆಯ ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಅವರು ತಿರುಗಿದ್ದು ಆಗಲೇ. ಇಂದು ನಮ್ಮ ಅಡುಗೆಮನೆಗಳ ಕಪಾಟಿನಲ್ಲಿರುವ ರವೆ ಇಡ್ಲಿಯ ಪೊಟ್ಟಣ ಆ ಹಟದ ಸಂತಾನ. ಇದಕ್ಕೆ ಯಾರೂ ಆಗ ‘ಗಂಡಾಂತರ ನಿರ್ವಹಣೆ’ ಎಂಬ ಹೆಸರಿಡಲಿಲ್ಲ. ಆದರೆ ಹೆಸರನ್ನು ಕಾಯ್ದುಕೊಂಡವನಿಗೆ ಎರಡನೆಯ ವ್ಯಾಪಾರ ಸಾಧ್ಯವಾಯಿತು.

ಹೋಟೆಲಿನ ಮಾಣಿಗಳ ಕಥೆ ಇಷ್ಟು ಉಜ್ಜ್ವಲವಲ್ಲ. ಕರಾವಳಿಯಿಂದ ಮುಂಬಯಿಗೆ ಹೋದ ಎಳೆಯ ಹುಡುಗರು ತಟ್ಟೆ ತೊಳೆದು, ರಾತ್ರಿ ಅಲ್ಲಿಯೇ ಬೆಂಚಿನ ಮೇಲೆ ಮಲಗುತ್ತಿದ್ದರು. ಅವರಲ್ಲಿ ಕೆಲವರಿಗೆ ಅಲ್ಲಿನ ಕನ್ನಡ ರಾತ್ರಿ ಶಾಲೆಗಳು ಕೈಹಿಡಿದವು. ಹಗಲು ದುಡಿದು ಇರುಳು ಓದಿ ವಕೀಲರೂ ಲೇಖಕರೂ ಆದವರುಂಟು. ಶಾಲೆಗೆ ಹೊತ್ತಿಗೆ ಸರಿಯಾಗಿ ಬಿಟ್ಟ ಧಣಿಗಳೂ ಇದ್ದರು, ಬಿಡದವರೂ ಇದ್ದರು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಚಹದಂಗಡಿಗಳಲ್ಲಿ ಮಕ್ಕಳ ದುಡಿಮೆಯನ್ನು ಭಾರತ ಸರ್ಕಾರ ನಿಷೇಧಿಸಿದ ಮೇಲೆ ಧಣಿಯ ಇಷ್ಟಾನಿಷ್ಟಕ್ಕೆ ಎಡೆಯಿಲ್ಲದಾಯಿತು. ಒಳ್ಳೆಯತನ ಐಚ್ಛಿಕವಾಗಿದ್ದಾಗ ಎಚ್ಚೆತ್ತವರಿಗೆ ಆ ದಿನ ಹೊಸದಾಗಿ ಮಾಡಬೇಕಾದದ್ದೇನೂ ಇರಲಿಲ್ಲ.

ನೆಲದ ಹೊಣೆಯನ್ನು ಮರೆತವರ ಗತಿಗೂ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಹಂಪಿಯ ಎದುರು, ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಎದ್ದಿದ್ದವು. ವಿದೇಶೀ ಪ್ರವಾಸಿಗಳಿಂದ ವ್ಯಾಪಾರವೂ ಕುದುರಿತ್ತು. ಅವು ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ನಿಂತವೆಂದು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮರು ತಿಂಗಳೇ ಬುಲ್ಡೋಜರು ಬಂದಿತು. ಹಂಪಿಯ ಸೊಬಗನ್ನು ಮಾರಿ ಬದುಕುವವರು ಹಂಪಿಯ ಕಟ್ಟಳೆಯನ್ನು ಓದಿರಲಿಲ್ಲ, ಅಥವಾ ಓದಿಯೂ ಲೆಕ್ಕಿಸಲಿಲ್ಲ.

ಇಷ್ಟು ಹೊತ್ತು ಕೇಳಿದ ನಿಮ್ಮಲ್ಲಿ ಕೆಲವರಿಗೆ ಒಂದು ಆಕ್ಷೇಪ ಹೊಳೆದಿರಬಹುದು. ನಷ್ಟದ ಅಂಜಿಕೆಯಿಂದ ಮಾಡಿದ ಒಳಿತು ಒಳಿತೇ? ವಿಮಾ ಕಂತಿನ ಉಳಿತಾಯಕ್ಕಾಗಿ ಮಾನವೀಯತೆಯನ್ನು ತೋರುವವನನ್ನು ಹೊಣೆಯರಿತವನೆಂದು ಹೇಗೆ ಕರೆಯುವುದು? ಬೆಂಕಿಯ ಬಾಗಿಲಿನ ಮಟ್ಟಿಗೆ ನನಗೆ ಈ ತಕರಾರಿಲ್ಲ. ಹತ್ತನೆಯ ಮಹಡಿಯಲ್ಲಿ ಮಗುವನ್ನೆತ್ತಿಕೊಂಡು ಓಡುವ ತಾಯಿಗೆ ಬಾಗಿಲು ತೆರೆದಿದ್ದರೆ ಸಾಕು. ಅದು ಧರ್ಮಕ್ಕಾಗಿ ತೆರೆದದ್ದೋ ದಂಡಕ್ಕೆ ಅಂಜಿ ತೆರೆದದ್ದೋ ಎಂದು ಅವಳು ಕೇಳುವುದಿಲ್ಲ. ಆದರೆ ಲೆಕ್ಕಾಚಾರ ತಲುಪದ ಒಂದು ಎಡೆಯೂ ಇದೆ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ತಾಜ್ ಮಹಲ್ ಹೋಟೆಲಿನ ಮೇಲೆ ಉಗ್ರರ ದಾಳಿ ನಡೆದು, ನೌಕರರೂ ಸೇರಿ ಮೂವತ್ತಕ್ಕೂ ಹೆಚ್ಚು ಮಂದಿ ಹತರಾದರು. ಹಿಂಬದಿಯ ದಾರಿಗಳನ್ನು ಚೆನ್ನಾಗಿ ಬಲ್ಲ ನೌಕರರು ತಾವು ಪಾರಾಗಬಹುದಾಗಿತ್ತು. ಅನೇಕರು ನಿಂತರು, ಅತಿಥಿಗಳನ್ನು ಮುಂದೆ ಬಿಟ್ಟರು. ಪ್ರಧಾನ ವ್ಯವಸ್ಥಾಪಕ ಕರಂಬೀರ್ ಕಾಂಗ್ ಅವರ ಪತ್ನಿಯೂ ಇಬ್ಬರು ಮಕ್ಕಳೂ ಅದೇ ಕಟ್ಟಡದಲ್ಲಿ ಅಸುನೀಗಿದರು. ಅವರು ಕರ್ತವ್ಯ ಬಿಟ್ಟು ಕದಲಲಿಲ್ಲ.

ಹಾರ್ವರ್ಡಿನ ರೋಹಿತ್ ದೇಶಪಾಂಡೆಯವರು ಅಂಜಲಿ ರೈನಾ ಅವರೊಡನೆ ಇದನ್ನು ಅಭ್ಯಸಿಸಿ 2011ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ತಾಜ್ ಸಂಸ್ಥೆ ಮಹಾನಗರಗಳಿಗಿಂತ ಸಣ್ಣ ಊರುಗಳಿಂದ ಯುವಕರನ್ನು ಆರಿಸಿಕೊಳ್ಳುವುದು, ಇತರರು 12 ತಿಂಗಳು ಕೊಡುವ ತರಬೇತಿಯನ್ನು 18 ತಿಂಗಳು ಕೊಡುವುದು, ಅತಿಥಿಯ ಹಿತವನ್ನು ಮೊದಲು ನೋಡಿದ ನೌಕರನನ್ನು ತಡಮಾಡದೆ ಗುರುತಿಸುವುದು ಅವರ ಗಮನಕ್ಕೆ ಬಂದವು. ದಾಳಿಯ ಮರು ತಿಂಗಳೇ ಸಂಸ್ಥೆ ಸ್ಥಾಪಿಸಿದ ನ್ಯಾಸವು ತನ್ನ ನೌಕರರಿಗಷ್ಟೇ ಅಲ್ಲದೆ ಬೇರೆಡೆ ಗಾಯಗೊಂಡ ಬಡವರಿಗೂ ನೆರವಾಯಿತು. ಆದರೆ ಆ ರಾತ್ರಿಯ ಧೈರ್ಯವನ್ನು ಯಾವ ತರಬೇತಿಯ ಲೆಕ್ಕಕ್ಕೂ ಪೂರ್ತಿಯಾಗಿ ಬರೆಯಲಾಗದು. ಅದು ಬೇರೊಬ್ಬರಿಗೆ ಹಣ ಕೊಟ್ಟು ಕೊಳ್ಳಬಹುದಾದ ವಸ್ತುವಲ್ಲ. ಹೋಟೆಲು ವರ್ಷಾನುಗಟ್ಟಲೆ ತನ್ನವರನ್ನು ಹೇಗೆ ನಡೆಸಿಕೊಂಡಿತೋ ಅದಕ್ಕೆ ತಕ್ಕಂತೆ ಬಿಕ್ಕಟ್ಟಿನ ರಾತ್ರಿ ದೊರೆಯಬಹುದು, ದೊರೆಯದೆಯೂ ಹೋಗಬಹುದು.

ಕೊನೆಯದಾಗಿ ಸಂಘದ ಸಮಿತಿಗೆ ಸಂಬಂಧಪಟ್ಟ ವ್ಯಾವಹಾರಿಕ ವಿಷಯ. ನಮ್ಮ ದೊಡ್ಡ ಸಮ್ಮೇಳನಗಳು ಬಹುಮಟ್ಟಿಗೆ ಲೇಬರ್ ಡೇ ವಾರಾಂತ್ಯದಲ್ಲಿ ನಡೆಯುತ್ತವೆ. 2024ರಲ್ಲಿ ಅದೇ ವಾರಾಂತ್ಯ ಅಮೆರಿಕದ 8 ನಗರಗಳಲ್ಲಿ ಸುಮಾರು 10,000 ಹೋಟೆಲ್ ಕಾರ್ಮಿಕರು ಮುಷ್ಕರ ಹೂಡಿದರು. ಸಾವಿರಾರು ಕನ್ನಡಿಗರನ್ನು ಕರೆಸಿ, ಹಾಸಿಗೆ ಹಾಸುವವರಿಲ್ಲದ ಹೋಟೆಲಿನ ಎದುರು ನಿಲ್ಲಿಸುವ ಪ್ರಸಂಗವನ್ನು ಊಹಿಸಿಕೊಳ್ಳಿ. ಆದುದರಿಂದ ಸಭಾಂಗಣದ ಬಾಡಿಗೆಯನ್ನು ಚೌಕಾಶಿ ಮಾಡುವಾಗಲೇ ಕಾರ್ಮಿಕರೊಡನೆ ಒಪ್ಪಂದದ ಅವಧಿ ಎಂದಿಗೆ ಮುಗಿಯುತ್ತದೆಂದು ಕೇಳಬೇಕು. ಮುಷ್ಕರವಾದರೆ ಮುಂಗಡ ಹಣ ಹಿಂದಿರುಗುತ್ತದೆಯೇ ಎಂದು ಲಿಖಿತವಾಗಿ ಪಡೆಯಬೇಕು. ನಾನು ಹೇಳಿದ ಅಗ್ನಿ ಸುರಕ್ಷತೆಯ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಹೋಟೆಲಿನ ಹೆಸರು ಅದರಲ್ಲಿದೆಯೇ ಎಂದು ಪರೀಕ್ಷಿಸಿ. ಸ್ಥಳ ನೋಡಲು ಹೋದಾಗ ಮುಂಭಾಗದ ಹೂದಾನಿಗಳನ್ನು ನೋಡಿದ ಮೇಲೆ ಅಡುಗೆಮನೆಯ ಹಿಂದಿನ ಮೆಟ್ಟಿಲುಗಳನ್ನು ತೋರಿಸಿರೆಂದು ಕೇಳಿ. ಅಲ್ಲಿ ಕುರ್ಚಿಗಳ ರಾಶಿ ಬಿದ್ದಿದ್ದರೆ ಬಾಡಿಗೆ ಎಷ್ಟೇ ಸೋವಿಯಾಗಿದ್ದರೂ ಮುಂದಿನ ಹೋಟೆಲಿಗೆ ಹೋಗಿ.

 ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ಉಪಾಹಾರಗೃಹ ನಡೆಸುತ್ತಿರುವವರು ಮೊದಲು ಕೇಳಲಿ.